ಪರದೆಯ ಪಕ್ಕದ ಖುರ್ಚಿ

ಬೆಟಗೇರಿ, ನೇಕಾರರ ಸಂಘದ ಹಿತ್ತಲು.
ಎರಡು ಪನ್ನ ಬಿಳಿ ಅರಿವೆ ಕೂಡಿಸಿ ಹೊಲಿದು
ಗಳಕ್ಕೆ ಕಟ್ಟಿದ್ದರು. ನಟ್ಟನಡುವೆ ಹೊಲಿಗೆಯ ಗೆರೆ.
ಚೀನಾದ ಕತ್ತಿ ಸಿನಿಮಾ. ಕೆಳಗೆ ಓಡುವ ಅಕ್ಷರ ಇಂಗ್ಲಿಷು.
"ಕೋರ್ಟಿನಾಗ ಸಾಕ್ಷಿ ಮಾತು ಅತ್ತಿಂದಿತ್ತ ಮಾಡ್ತೀರಲ್ಲ,
ಇದನ್ನೂ ಮಾಡ್ರಿ" ಅಂದ ಏಕನಾಥಸಾ.
ಹಂಗಾಗಿ ಪರದೆಯ ಪಕ್ಕ ಒಂದು ಖುರ್ಚಿ,
ಒಂದು ಮೈಕು, ನಾನು.

ಕಪ್ಪತಗುಡ್ಡದ ಕಡೆಯ ಗಾಳಿ ಬಿಟ್ಟು ಬಿಟ್ಟು ಬೀಸಿ
ದೊರೆಯ ಸೈನ್ಯ ಉಸಿರಾಡುತ್ತಿತ್ತು:
ಹತ್ತು ಸಾವಿರ ಕರಿಯಂಗಿ, ಒಂದೇ ಉಸಿರು.
ಹೊಲಿಗೆಯ ಗೆರೆ ದೊರೆಯ ಮೂಗಿನ ಮೇಲೆ ಬಂದಾಗ
ಹುಡುಗರು ನಕ್ಕರು.

ಒಪ್ಪಬೇಕು, ಚಂದ ಇತ್ತು.
ಬಣ್ಣದವರ ಅಂಗಳದಲ್ಲಿ ಒಣಹಾಕಿದ ಹಳದಿ ರೇಷಿಮೆ,
ಅದರ ಸಂದಿಯಲ್ಲಿ ನೆಲ ಮುಟ್ಟದೆ ಇಬ್ಬರು ಹೆಂಗಸರು,
ನಿದ್ದೆಗಣ್ಣಿನಷ್ಟು ನಿಧಾನ ತಿರುಗುವ ಕತ್ತಿ.
ಒಂದು ಏಟು ಗುರಿ ತಪ್ಪಿ
ಇಡೀ ಥಾನು ಈ ಅಂಚಿನಿಂದ ಆ ಅಂಚಿಗೆ ಸೀಳಿತು.
ಕೂತ ನೂರು ಮಂದಿ ಒಮ್ಮೆಲೇ "ಅಯ್ಯಯ್ಯೋ" ಅಂದರು.
ಹಾಸು ಹೂಡಿದವರಿಗೆ ಗೊತ್ತು ಅದು ಎಷ್ಟು ದಿನ ಅಂತ.
ತುಸು ಮೊದಲು ಒಂದು ಊರೇ ಸುಟ್ಟಾಗ
ಕೇಳಿದ್ದು ಶೇಂಗಾ ಸಿಪ್ಪೆಯ ಸಪ್ಪಳ.

ಹಿಂದಿನ ಸಾಲಿನಿಂದ ದಾವಲಸಾಬ ನೀಲಗಾರ,
ಮೊಣಕೈತನಕ ನೀಲಿ ಹತ್ತಿದವ:
"ಅಷ್ಟೂ ಮಂದೀಗೆ ಒಂದಽ ನಮೂನಿ ಕರೇದು ಹಿಡಿಸ್ಯಾರಲ್ಲ,
ಒಂದು ಹಂಡೆದಾಗ ಆಗೂ ಕೆಲಸ ಅಲ್ಲದು.
ಏಳೂ ರಾಜ್ಯದ ಬಣ್ಣಗಾರರ ಹಂಡೆ ಕಸಗೊಂಡಿರಬೇಕು."
ಮೈಕಿಗೆ ಕೈ ಮುಚ್ಚಿ "ಸುಮ್ನಿರೋ ಮಾರಾಯಾ" ಅಂದೆ.

ಕೊನೆಗೆ ಆಕೆ ದೊರೆಯ ಮುಂದೆ.
ಕತ್ತಿಗೂ ಕೊರಳಿಗೂ ಒಂದು ಎಳೆ ಅಂತರ.
ಊರು ಸುಟ್ಟವನು, ಆಕೆಯ ತಮ್ಮನನ್ನು ಕೊಂದವನು
ಹೆದರಲಿಲ್ಲ. ಒಂದು ಮಾತು ಆಡಿದ.
ಕೆಳಗೆ ಮೂರು ಇಂಗ್ಲಿಷು ಶಬ್ದ ಬಂದು ಹೋದವು.

ಮೂವತ್ತೊಂದು ವರ್ಷ ಕೋರ್ಟಿನಲ್ಲಿದ್ದೇನೆ.
ಕೊಲೆಯಾದವನ ತಾಯಿ ಎದೆ ಬಡಿದುಕೊಂಡು ಅತ್ತದ್ದನ್ನು
"ಸಾಕ್ಷಿದಾರಳು ಭಾವುಕಳಾದಳು" ಎಂದು ಮಾಡಿದ ನಾಲಿಗೆ ಇದು.
ಎಲ್ಲೂ ತಡವರಿಸಿದ್ದಿಲ್ಲ.
ಎಲ್ಲ ಒಂದೇ ಅನ್ನಲೇ? ಎಲ್ಲ ನನ್ನದೇ ಅನ್ನಲೇ?
ಅವರ ಭಾಷೆಯಲ್ಲಿ ಅವು ಎರಡೋ ಒಂದೋ, ನಾನರಿಯೆ.
ಇಂಗ್ಲಿಷು ಮಾಡಿದ ಪುಣ್ಯಾತ್ಮ ಆಗಲೇ ತೀರ್ಪು ಕೊಟ್ಟಿದ್ದ.
"ಎಲ್ಲಾ ನಮ್ಮದಽ" ಅಂದೆ.
ಮೈಕು ಅದನ್ನು ಓಣಿಯ ತುದಿತನಕ ಒಯ್ದಿತು.
"ನಮ್ಮದು ಅಂದ್ರ ಯಾರ್ದು?"
ಮತ್ತೆ ದಾವಲಸಾಬ.
ಕೋರ್ಟಿನಲ್ಲಾದರೆ ಈ ಪ್ರಶ್ನೆ ದಾಖಲಾಗುತ್ತಿರಲಿಲ್ಲ.

ಆಕೆ ಕತ್ತಿ ಇಳಿಸಿದಳು.
ಎಲ್ಲಿಂದಲೋ ಒಂದು ಕೊಳಲು. ಕಲ್ಲಿನ ಮೇಲೆ
ಉಕ್ಕು ತಾಗಿದ ಸಣ್ಣ ಸದ್ದು. ಆಮೇಲೆ ಬರೀ ಹಿಮ.
ನನ್ನ ಕಣ್ಣು ತುಂಬಿ ಅಕ್ಷರ ಕಾಣಲಿಲ್ಲ.
ಅದೇ ಸಿಟ್ಟು ನನಗೆ ಇವತ್ತಿಗೂ:
ಅಷ್ಟು ಚಂದ ಮಾಡಿ, ಕಣ್ಣು ತೋಯಿಸಿ,
ಓದಗೊಡದೆ ಸಹಿ ಹಾಕಿಸಿಕೊಂಡರು.

ಏಳು ರಾಜ್ಯದ ಕತ್ತಿ ಕರಗಿಸಿ ಒಂದು ಗಂಟೆ ಎರೆದರು.
ಅದರ ಮೊದಲ ಸದ್ದಿಗೆ ಸಿನಿಮಾ ಮುಗಿಯಿತು.
"ಆಕಿ ಏನಾದಳ್ರೀ?"
ಕಂಡಿಕೆ ಸುತ್ತುವ ತಿಪ್ಪವ್ವ ಎದ್ದು ನಿಂತಿದ್ದಳು.
ಸಿನಿಮಾದಾಗ ಹೇಳಿಲ್ಲವ್ವಾ.
"ನೀವರೆ ಹೇಳ್ರಿ. ಮೈಕ್ ನಿಮ್ಮ ಕೈಯಾಗ ಐತಲ್ಲ."
ವೈರು ಸುತ್ತತೊಡಗಿದೆ.

ಮರುದಿನ ಕೋರ್ಟಿಗೆ ಹೋಗುವಾಗ ಕಂಡೆ.
ಪರದೆಯ ಹೊಲಿಗೆ ಬಿಚ್ಚಿದ್ದರು. ಸಂಘದ ಮಾಲು,
ಹಾಗೇ ಇಡಲಾಗದು. ದಾವಲಸಾಬ ಎರಡೂ ಪನ್ನವನ್ನು
ಹಂಡೆಯಲ್ಲಿ ಮುಳುಗಿಸಿ ಕೋಲಿನಿಂದ ಒತ್ತುತ್ತಿದ್ದ.
ದೊರೆ, ಹಿಮ, ಹತ್ತು ಸಾವಿರ ಉಸಿರು,
ಗುಳುಗುಳು ಅಂದು ತಳಕ್ಕಿಳಿದವು.
ಯಾವ ಬಣ್ಣ ಹಾಕೀಯೋ, ಅಂದೆ.
"ಒಣಗಲಿ ತಡೀರಿ ಸಾಹೇಬ್ರ.
ಹಸಿ ಇದ್ದಾಗ ಎಲ್ಲಾ ಕರೇದಽ ಕಾಣ್ತಾವ."